ನಮ್ಮ ಸೀಮೆಯ ಕಾಡಿನ ಜನರೂ ಅವರ ನೆಲವೂ

ನಮ್ಮ ಶಾಲೆಯಲ್ಲಿ ಓದಿಹೋದ ಸೋದರಿಯರಿಗೂ, ತಮ್ಮ ಹೆಣ್ಣುಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿರುವ ತಂದೆತಾಯಿಗಳಿಗೂ ಈ ಸಂಚಿಕೆಯ ಮೂಲಕ ವರ್ಷದ ವರದಿಯನ್ನು ಒಪ್ಪಿಸುವುದು ನಮ್ಮ ವಾಡಿಕೆ. ಆ ವರದಿಯು ಬೇರೆ ಪುಟಗಳಲ್ಲಿ ಅಚ್ಚಾಗಿರುವುದರಿಂದ, ನಾವು ಮಾಡಿದ ತಪ್ಪೊಂದರಿಂದ ನಮಗೆ ತಿಳಿದುಬಂದ ವಿಷಯವನ್ನು ಇಲ್ಲಿ ವಿವರಿಸಲು ವಾಚಕರ ಅಪ್ಪಣೆಯನ್ನು ಬೇಡುತ್ತೇವೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಬಾಲಿಕೆಯರಿಗೆ 'ನಮ್ಮ ಊರು' ಎಂಬ ಪ್ರಬಂಧವನ್ನು ಬರೆಯಲು ಕೊಟ್ಟಿದ್ದೆವು. ವಿದ್ಯಾರ್ಥಿನಿ ನಿಲಯದಲ್ಲಿದ್ದ ಜೇನುಕುರುಬರ ಹುಡುಗಿಯೊಬ್ಬಳು ಎರಡು ಪುಟ ಬರೆದಿದ್ದಳು. ತನ್ನ ಊರಿನಲ್ಲಿ ಒಂದು ಹಳ್ಳವಿರುವುದೆಂದೂ, ಹಳ್ಳದ ದಡದ ಮತ್ತಿಮರದಲ್ಲಿ ಹೆಜ್ಜೇನು ಕಟ್ಟುವುದೆಂದೂ, ಮರದ ಬುಡದಲ್ಲಿ ಮುತ್ತಜ್ಜನ ಕಲ್ಲು ಇರುವುದೆಂದೂ, ಸಂಜೆಯಾದರೆ ಆನೆಗಳು ನೀರಿಗೆ ಬರುವುವೆಂದೂ ಬರೆದು, ಕೊನೆಯಲ್ಲಿ 'ಈಗ ಅಲ್ಲಿ ಯಾರೂ ಇಲ್ಲ' ಎಂದು ಮುಗಿಸಿದ್ದಳು. ಆಕೆಯ ಮನೆಯು ಹುಣಸೂರು ತಾಲ್ಲೂಕಿನ ಒಂದು ಪುನರ್ವಸತಿ ಕಾಲೊನಿಯಲ್ಲಿದ್ದುದನ್ನು ದಾಖಲಾತಿ ಪುಸ್ತಕದಿಂದ ನಾವು ಬಲ್ಲೆವಾದಕಾರಣ, ಕೆಂಪು ಶಾಯಿಯಲ್ಲಿ 'ನೀನು ವಾಸಿಸುವ ಊರನ್ನು ಕುರಿತು ಬರೆ. ಕಲ್ಪನೆ ಬೇಡ' ಎಂದು ಬರೆದು ಹಿಂದಿರುಗಿಸಿದೆವು. ಹುಡುಗಿಯು ಮರುದಿನ ಮೂರು ಸಾಲು ಬರೆದು ತಂದಳು: ಮನೆಗಳು ಸಾಲಾಗಿವೆ, ಒಂದು ನೀರಿನ ಟ್ಯಾಂಕು ಇದೆ, ಬಸ್ಸು ಬರುತ್ತದೆ. ನಾವು ಅದಕ್ಕೆ ಅಂಕಗಳನ್ನು ಕೊಟ್ಟೆವು.

ಪೋಷಕರ ದಿನದಂದು ಆಕೆಯ ಅಜ್ಜಿಯು ಬಂದಿದ್ದಾಗ, ಹುಡುಗಿಗೆ ಕಥೆ ಕಟ್ಟುವ ಅಭ್ಯಾಸವಿದೆಯೆಂದು ನಗುತ್ತಾ ಈ ಸಂಗತಿಯನ್ನು ಹೇಳಿದೆವು. ಅಜ್ಜಿಯು ನಗಲಿಲ್ಲ. "ಅಮ್ಮಾ, ಊರು ಅದೆ. ನಾವು ಅಲ್ಲಿಲ್ಲ, ಅಷ್ಟೆಯ" ಎಂದಳು.

ನಮ್ಮ ಬಾಲಿಕೆಯರು ಭೂಗೋಳದ ಪಾಠದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳನ್ನು ಕುರಿತು ಬಾಯಿಪಾಠವಾಗಿ ಹೇಳಬಲ್ಲರು. ಬಿಳಿಯರು ಬಂದಾಗ ಆ ಖಂಡವು ಒಡೆಯರಿಲ್ಲದ ನೆಲವಾಗಿತ್ತೆಂಬ ಹಳೆಯ ವಾದವನ್ನು ಅಲ್ಲಿನ ಪರಮೋಚ್ಚ ನ್ಯಾಯಸ್ಥಾನವು ೧೯೯೨ರಲ್ಲಿ ತಳ್ಳಿಹಾಕಿತೆಂಬುದನ್ನೂ ನಾವು ಕಲಿಸಿದ್ದುಂಟು. ಆದರೆ ಸಂತೆಯಲ್ಲಿ ನಮಗೆ ಜೇನು ಮಾರುವ ಹೆಂಗಸಿನ ನೆಲ ಎಲ್ಲಿತ್ತು ಎಂಬುದನ್ನು ಕಲಿಸಿರಲಿಲ್ಲ, ನಾವೇ ಅರಿತಿರಲಿಲ್ಲ. ಆ ದಿನದಿಂದೀಚೆಗೆ ಓದಿಯೂ ಕೇಳಿಯೂ ಹಾಡಿಗಳಿಗೆ ಹೋಗಿ ನೋಡಿಯೂ ತಿಳಿದಷ್ಟನ್ನು ಮುಂದೆ ಹೇಳುತ್ತೇವೆ.

ಬೆಟ್ಟದಪುರದ ಬೆಟ್ಟವನ್ನೇರಿ ಸಿಡಿಲು ಮಲ್ಲಿಕಾರ್ಜುನನ ಗುಡಿಯ ಬಳಿ ನಿಂತು ತೆಂಕಣ ದಿಕ್ಕಿಗೆ ನೋಡುವವರಿಗೆ ಮೊದಲು ಕಾಣುವುದು ಪಿರಿಯಾಪಟ್ಟಣ, ಹುಣಸೂರು ಸೀಮೆಗಳ ಹೊಗೆಸೊಪ್ಪಿನ ಹೊಲಗಳು. ಅವುಗಳಾಚೆಗೆ ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಚಿನಿಂದ ಹಿಡಿದು ಕೊಡಗಿನವರೆಗೂ ವಯನಾಡಿನವರೆಗೂ ಕಾಡು ಹಬ್ಬಿರುವುದು. ಈ ಕಾಡಿನಲ್ಲಿಯೂ ಅದರ ಅಂಚಿನಲ್ಲಿಯೂ ಜೇನುಕುರುಬರು, ಕಾಡುಕುರುಬರೆಂದೂ ಬೆಟ್ಟಕುರುಬರೆಂದೂ ಕರೆಯಿಸಿಕೊಳ್ಳುವವರು, ಯರವರು, ಪಣಿಯರು, ಅಲ್ಲಲ್ಲಿ ಸೋಲಿಗರು ವಾಸಿಸುತ್ತಿರುವರು. ಕುರಿ ಸಾಕುವ ಹಾಲುಮತದ ಕುರುಬರೂ ಇವರೂ ಒಂದೆಂದು ತಿಳಿಯಬಾರದು. ಹೆಸರಿನ ಹೋಲಿಕೆಯಿಂದ ಸರ್ಕಾರದ ಕಚೇರಿಗಳಲ್ಲಿಯೂ ಎಷ್ಟೋ ಸಲ ಗೊಂದಲವಾಗಿರುವುದು. ಜೇನುಕುರುಬರಿಗೆ ತಮ್ಮದೇ ನುಡಿಯುಂಟು; ಅದು ಕನ್ನಡಕ್ಕೆ ಹತ್ತಿರವಾದರೂ ನಮ್ಮ ಪಾಠಪುಸ್ತಕದ ಕನ್ನಡವಲ್ಲ. ಯರವರ ಮಾತಾದರೋ ಮಲೆಯಾಳಕ್ಕೆ ಸಮೀಪವಾದುದು. ಇವರ ಮಕ್ಕಳು ಒಂದನೆಯ ತರಗತಿಯಲ್ಲಿ ಮೌನವಾಗಿ ಕುಳಿತರೆ ಅದನ್ನು ಮಂದಬುದ್ಧಿಯೆಂದು ಬರೆದುಕೊಂಡ ಉಪಾಧ್ಯಾಯರು ಒಬ್ಬಿಬ್ಬರಲ್ಲ. ಭಾರತ ಸರ್ಕಾರವು ವಿಶೇಷ ರಕ್ಷಣೆ ಬೇಕಾದ ಬುಡಕಟ್ಟುಗಳೆಂದು ಗುರುತಿಸಿರುವವುಗಳಲ್ಲಿ ಕರ್ಣಾಟಕಕ್ಕೆ ಸೇರಿದವು ಎರಡೇ: ಕೊರಗರು ಮತ್ತು ಜೇನುಕುರುಬರು. ೨೦೧೧ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಜೇನುಕುರುಬರ ಸಂಖ್ಯೆಯು ಸುಮಾರು ೩೬ ಸಾವಿರ.

ಇವರ ಊರಿಗೆ ಹಾಡಿ ಎಂದು ಹೆಸರು. ಹತ್ತಿಪ್ಪತ್ತು ಗುಡಿಸಲುಗಳು, ಒಬ್ಬ ಯಜಮಾನ, ದೇವರ ಕೆಲಸಕ್ಕೆ ಒಬ್ಬ ಗುಡ್ಡ. ಇಷ್ಟೇ ಅದರ ಆಡಳಿತ. ಊರೆಂದರೆ ಗುಡಿಸಲುಗಳೆಂದು ನಾವು ತಿಳಿಯುತ್ತೇವೆ. ಇವರಿಗೆ ಊರೆಂದರೆ ಗುಡಿಸಲಿನಿಂದ ಹೊರಟು ದಿನವೊಂದರಲ್ಲಿ ಹೋಗಿ ಬರಬಹುದಾದ ನೆಲವೆಲ್ಲವೂ ಆಗಿದೆ: ಗೆಣಸು ಅಗೆಯುವ ದಿಣ್ಣೆ, ಸೊಪ್ಪು ಸಿಕ್ಕುವ ತಗ್ಗು, ಬೇಸಗೆಯಲ್ಲಿಯೂ ಬತ್ತದ ಮಡು, ಹಿರಿಯರನ್ನು ಮಣ್ಣುಮಾಡಿದ ಜಾಗ, ದೇವರು ನಿಂತ ಮರ. ಇವುಗಳಲ್ಲಿ ಒಂದೊಂದಕ್ಕೂ ಹೆಸರುಂಟು. ಆ ಹೆಸರುಗಳು ಭೂಮಾಪನದ ನಕ್ಷೆಯಲ್ಲಿ ಇಲ್ಲ. ಹಿಂದೆ ಇವರು ಕಾಡಿನ ತುಂಡೊಂದನ್ನು ಸವರಿ, ಸುಟ್ಟು, ರಾಗಿ ಚೆಲ್ಲಿ, ಒಂದೆರಡು ಬೆಳೆಯಾದ ಮೇಲೆ ಆ ನೆಲವನ್ನು ಕಾಡಿಗೆ ಹಿಂದಿರುಗಿಸಿ ಮುಂದಕ್ಕೆ ಹೋಗುತ್ತಲಿದ್ದರು. ಇದನ್ನೇ ಕುಮರಿ ಬೇಸಾಯವೆನ್ನುವರು. ನಿಂತಲ್ಲಿಯೇ ನಿಲ್ಲದವನಿಗೆ ನೆಲದ ಮೇಲೆ ಹಕ್ಕಿಲ್ಲವೆಂದು ಕಂದಾಯದ ಪುಸ್ತಕವು ತಿಳಿಯಿತು. ಬಿಟ್ಟುಹೋದ ನೆಲಕ್ಕೆ ಮರಳಿ ಬರುವ ಕ್ರಮವಿತ್ತೆಂಬುದನ್ನು ಆ ಪುಸ್ತಕವು ಕೇಳಲಿಲ್ಲ.

ಜೇನು ತೆಗೆಯುವ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳಿದರೆ ಈ ಸಂಬಂಧವು ವಾಚಕರಿಗೆ ಸ್ಪಷ್ಟವಾಗಬಹುದು. ಹೆಜ್ಜೇನು, ತುಡುವೆ, ಕೋಲುಜೇನು, ನಸರು ಎಂದು ಜೇನಿನಲ್ಲಿ ಬಗೆಗಳುಂಟು. ಹೆಜ್ಜೇನು ಬಲು ಎತ್ತರದ ಕೊಂಬೆಗಳಲ್ಲಿಯೂ ಬಂಡೆಗಳಲ್ಲಿಯೂ ತಟ್ಟಿ ಕಟ್ಟುವುದು. ಅದರ ಹಿಂಡು ಎದ್ದರೆ ಮನುಷ್ಯನು ಉಳಿಯುವುದು ಕಷ್ಟ. ಆದ್ದರಿಂದ ಬೆಳದಿಂಗಳಿಲ್ಲದ ರಾತ್ರಿಯಲ್ಲಿ, ಬಳ್ಳಿಯ ಏಣಿ ಕಟ್ಟಿ, ಹಸಿಸೊಪ್ಪಿನ ಸೂಡಿಯಿಂದ ಹೊಗೆ ಹಾಕಿ, ಹುಳುವನ್ನು ಸಮಾಧಾನಪಡಿಸುವ ಹಾಡನ್ನು ಹಾಡುತ್ತಾ ಒಬ್ಬನು ಮೇಲೇರುವನು. ತಟ್ಟಿಯನ್ನು ಪೂರಾ ಕೀಳದೆ ಒಂದು ಪಾಲನ್ನು ಹುಳುವಿಗೆ ಬಿಡುವನು. ಮುಂದಿನ ವರ್ಷ ಅದೇ ಮರಕ್ಕೆ ಹುಳು ಬರಬೇಕಲ್ಲವೆ ಎಂಬುದು ಅವರ ವಾದ. ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಉದ್ದವಾದ ಹೆಸರಿರಬಹುದು. ಜೇನು, ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ, ಮರದ ಪಾಚಿ ಇವುಗಳನ್ನು ಕೊಳ್ಳುವುದಕ್ಕಾಗಿ ಲ್ಯಾಂಪ್ಸ್ ಎಂದು ಕರೆಯಿಸಿಕೊಳ್ಳುವ ಗಿರಿಜನ ಸಹಕಾರ ಸಂಘಗಳು ಹುಣಸೂರಿನಲ್ಲಿಯೂ ಹೆಗ್ಗಡದೇವನಕೋಟೆಯಲ್ಲಿಯೂ ಸ್ಥಾಪಿತವಾದುವು; ಆದರೆ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಇವುಗಳನ್ನು ಆಯುವುದೇ ನಿಷಿದ್ಧವಾಗಿ, ಸಂಘವಿದ್ದೂ ಸರಕಿಲ್ಲದಂತಾಯಿತು.

ಈ ಜನರು ಅರಸರಿಗೂ ಬೇಕಾದವರೇ ಆಗಿದ್ದರು. ಕಾಕನಕೋಟೆಯ ಕಾಡಿನಲ್ಲಿ ಕಪಿಲೆಯ ದಡದ ಮೇಲೆ ನಡೆಯುತ್ತಿದ್ದ ಖೆಡ್ಡಾವನ್ನು ನಮ್ಮ ಹಿರಿಯರಲ್ಲಿ ಅನೇಕರು ಕೇಳಿ ಬಲ್ಲರು. ಮೈಸೂರು ಮಹಾರಾಜರವರ ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿರುವಾಗ, ಕಾಡಾನೆಗಳ ಜಾಡು ಹಿಡಿದು, ಸುತ್ತುವರಿದು, ಹೊಳೆಗೆ ಇಳಿಸುವ ಕೆಲಸವು ಕುರುಬರಿಲ್ಲದೆ ನಡೆಯುತ್ತಿರಲಿಲ್ಲ. ಕಡೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ಇಂದಿಗೂ ದಸರೆಯ ಆನೆಗಳ ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಜೇನುಕುರುಬರೇ ಬಹುಮಂದಿ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣವು ಹೊರಡುವಾಗ ನಮ್ಮಲ್ಲಿ ಕೆಲವರು ಮಕ್ಕಳನ್ನು ಕರೆದುಕೊಂಡು ನೋಡಲು ಹೋಗುವುದುಂಟು. ಅಂಬಾರಿ ಹೊತ್ತ ಆನೆಯ ಹೆಸರನ್ನು ಬಲ್ಲ ನಮ್ಮ ಬಾಲಿಕೆಯರು ಅದರ ಕೊರಳ ಮೇಲೆ ಕುಳಿತವನ ಹಾಡಿಯ ಹೆಸರನ್ನು ಅರಿಯರು. ಮಾಸ್ತಿಯವರ 'ಕಾಕನಕೋಟೆ' ನಾಟಕವು ಕಾಡುಕುರುಬರನ್ನೇ ಕುರಿತದ್ದು. ೧೯೭೭ರಲ್ಲಿ ಅದು ಚಲನಚಿತ್ರವೂ ಆಯಿತು. ಆ ಚಿತ್ರವು ತೆರೆಗೆ ಬರುವ ವೇಳೆಗೆ ಕಾಕನಕೋಟೆಯ ಕಾಡಿನಲ್ಲಿ ಒಂದು ಭಾಗವು ನೀರಿನಲ್ಲಿತ್ತು. ಏಕೆಂದರೆ ಬೀಚನಹಳ್ಳಿ, ಬಿದರಹಳ್ಳಿಗಳ ಬಳಿ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಕಬಿನಿ ಅಣೆಕಟ್ಟು ೧೯೭೪ರಲ್ಲಿ ಪೂರ್ಣಗೊಂಡಿತ್ತು. ಆ ನೀರಿನಿಂದ ಎಷ್ಟೋ ಗದ್ದೆಗಳು ಹಸುರಾದುವು. ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರ ಶಾಲಾ ಶುಲ್ಕವು ಆ ಗದ್ದೆಗಳಿಂದಲೇ ಬಂದುದು. ಪಟ್ಟಾ ಇದ್ದ ರೈತನಿಗೆ ಮುಳುಗಿದ ಹೊಲಕ್ಕೆ ಪ್ರತಿಫಲವನ್ನು ಕೇಳಲು ದಾರಿಯಿತ್ತು. ಪಟ್ಟಾ ಎಂಬ ಪದವನ್ನೇ ಕಾಣದ ಹಾಡಿಯವನು ಏನನ್ನು ತೋರಿಸಿ ಕೇಳಬೇಕು?

ಕಾಡಿನ ಒಳಗಿನ ಕಥೆಯು ಇನ್ನೂ ದೀರ್ಘವಾದುದು. ಮಹಾರಾಜರ ಕಾಲದಿಂದಲೂ ಕಾಯ್ದಿಟ್ಟ ಅರಣ್ಯಗಳಲ್ಲಿ ತೇಗ ನೆಡುವುದಕ್ಕೂ ಮರ ಕಡಿಯುವುದಕ್ಕೂ ಬೆಂಕಿ ಕಾಯುವುದಕ್ಕೂ ಹಾಡಿಗಳ ಜನರನ್ನೇ ಇಟ್ಟುಕೊಂಡಿದ್ದರು. ನಾಗರಹೊಳೆಯು ೧೯೫೫ರಲ್ಲಿ ಮೃಗಧಾಮವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ, ಎಂಬತ್ತರ ದಶಕದಲ್ಲಿ ಅದು ಇನ್ನಷ್ಟು ವಿಸ್ತಾರಗೊಂಡು ೬೪೩ ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವೂ, ತರುವಾಯ ಹುಲಿಗಳ ಸಂರಕ್ಷಿತ ಪ್ರದೇಶವೂ ಆಯಿತು. ನಿನ್ನೆಯವರೆಗೆ ಕೂಲಿಯಾಳಾಗಿದ್ದವನು ಇಂದು ಅತಿಕ್ರಮಣ ಮಾಡಿದವನೆನಿಸಿದನು. ಬೇಟೆ ನಿಂತಿತು, ಕುಮರಿ ನಿಂತಿತು, ಗೆಣಸು ಅಗೆಯುವುದೂ ಅಪರಾಧವಾಯಿತು. ಹಾಡಿಗಳು ಒಂದೊಂದಾಗಿ ಕಾಡಿನಿಂದ ಹೊರಬಂದುವು. ಹೀಗೆ ನಾಗರಹೊಳೆಯಿಂದ ಹೊರಬಂದ ೩,೪೧೮ ಕುಟುಂಬಗಳ ಸ್ಥಿತಿಯನ್ನು, ಉಚ್ಚ ನ್ಯಾಯಾಲಯದ ಆಜ್ಞೆಯಿಂದ ನೇಮಕವಾದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿಯು ೨೦೧೪ರ ವರದಿಯಲ್ಲಿ ನ್ಯಾಯಾಲಯದ ಮುಂದಿಟ್ಟಿತು. ಹುಣಸೂರಿನ ಡೀಡ್ ಸಂಸ್ಥೆಯವರು ಸಾರ್ವಜನಿಕ ಹಿತದ ಅರ್ಜಿಯನ್ನು ಹಾಕಿರದಿದ್ದರೆ ಈ ಲೆಕ್ಕವಾದರೂ ನಮಗೆ ದೊರೆಯುತ್ತಿರಲಿಲ್ಲ.

ಇದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲು ಸಂಸ್ಥೆಗೆ ವಿಲಾಸದ ವಸತಿಗೃಹವನ್ನು ನಡೆಸಲು ಗುತ್ತಿಗೆ ಕೊಟ್ಟುದೂ ಉಂಟು. ಹಾಡಿಗಳ ಜನರು ಸಂಘ ಕಟ್ಟಿಕೊಂಡು ನ್ಯಾಯಾಲಯಕ್ಕೆ ಹೋದರು. ಆ ಗುತ್ತಿಗೆಯು ಕಾಯಿದೆಗೆ ವಿರುದ್ಧವೆಂದು ೧೯೯೭ರಲ್ಲಿ ತೀರ್ಪಾಯಿತು. ಅಕ್ಷರ ಬಾರದವರು ಗೆದ್ದ ಮೊಕದ್ದಮೆಯೆಂದು ಇದನ್ನು ನಮ್ಮ ಬಾಲಿಕೆಯರಿಗೆ ಹೇಳುವಾಗ ನಮಗೆ ಸಂತೋಷವಾಗುವುದು.

ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಹುಲಿ, ಆನೆಗಳಿಗೆ ಮನುಷ್ಯಸಂಚಾರವಿಲ್ಲದ ಕಾಡು ಬೇಕೆಂದೂ, ಸ್ವಂತ ಇಚ್ಛೆಯಿಂದ ಹೊರಬರುವವರಿಗೆ ಒಳ್ಳೆಯ ನೆಲ ಮನೆಗಳನ್ನು ಕೊಡಬೇಕೆಂದೂ ನಾಗರಹೊಳೆಯಲ್ಲಿ ಬಹುಕಾಲ ಹುಲಿಗಳನ್ನು ಅಭ್ಯಸಿಸಿದ ಡಾಕ್ಟರ್ ಉಲ್ಲಾಸ ಕಾರಂತರಂಥವರು ವಾದಿಸಿರುವರು. ನಾವು ಕಂಡ ಕಾಲೊನಿಗಳಲ್ಲಿಯೂ, ಮಕ್ಕಳಿಗೆ ಶಾಲೆ ದೊರೆಯಿತು, ರಾತ್ರಿ ಆನೆಯ ಭಯ ತಪ್ಪಿತು, ಮರಳಿ ಹೋಗಲೊಲ್ಲೆವು ಎಂದ ತಾಯಂದಿರಿದ್ದರು. ಅದೇ ಬೀದಿಯಲ್ಲಿ, ಕೊಟ್ಟ ನೆಲವು ಕಲ್ಲುಭೂಮಿ, ನೀರಿಲ್ಲ, ಬೇಸಾಯ ಬರದು, ಕೊಡಗಿನ ಕಾಫಿ ತೋಟಕ್ಕೆ ಜೀಪು ಬಂದರೆ ಹೊಟ್ಟೆಗೆ ಉಂಟು, ಬಾರದಿದ್ದರೆ ಇಲ್ಲವೆಂದವರೂ ಇದ್ದರು. ತಾಯಿ ತೋಟಕ್ಕೆ ಹೋದ ತಿಂಗಳುಗಳಲ್ಲಿ ತಂಗಿ ತಮ್ಮಂದಿರನ್ನು ನೋಡಿಕೊಳ್ಳುವವಳು ನಮ್ಮ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದ ಹುಡುಗಿಯೇ. ನಮಗೆ ತೋರುವುದೇನೆಂದರೆ, ಹೊರಬಂದವರು ಸುಖವಾಗಿರುವರೇ ಎಂಬ ಪ್ರಶ್ನೆಗೆ ಮುಂಚೆ, ಅವರನ್ನು ಕೇಳಿ ಕರೆತಂದರೇ ಎಂಬ ಪ್ರಶ್ನೆಗೆ ಉತ್ತರ ಬೇಕು. ನಮ್ಮ ಸರ್ಕಾರಕ್ಕೆ ನೆಲ ಹುಡುಕಿ ಕೊಡುವುದು ತಿಳಿಯದ ವಿದ್ಯೆಯೇನಲ್ಲ. ತಾಯ್ನಾಡನ್ನು ಕಳೆದುಕೊಂಡು ಬಂದ ಟಿಬೇಟಿನವರಿಗೆ ಇದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆಗಳನ್ನು ಒದಗಿಸಿ ೧೯೬೧ರಲ್ಲಿ ನೆಲೆ ಮಾಡಿಕೊಟ್ಟ ಸತ್ಕಾರ್ಯವು ನಮ್ಮ ಕಣ್ಣೆದುರಿಗೇ ಇದೆ.

ಬೆಂಕಿಯ ವಿಷಯವಾಗಿ ಒಂದು ಮಾತನ್ನು ಸೇರಿಸುತ್ತೇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿ ತರಗೆಲೆಗೆ ಸಣ್ಣ ಬೆಂಕಿ ಇಡುವ ವಾಡಿಕೆಯಿತ್ತು. ಅದನ್ನು ತರಗು ಬೆಂಕಿ ಎನ್ನುವರು. ಅದು ನಿಂತ ಮೇಲೆ ಲಂಟಾನದ ಪೊದೆಯು ಕಾಡನ್ನೆಲ್ಲ ಕವಿದು, ಹುಲ್ಲು ಹೋಗಿ, ಮೃಗಗಳಿಗೆ ಮೇವಿಲ್ಲದಾಯಿತೆಂದು ಅವರು ಹೇಳುತ್ತಾರೆ. ವಿಜ್ಞಾನಿಗಳಲ್ಲಿ ಕೆಲವರು ಇದನ್ನು ಪರೀಕ್ಷಿಸಿ ಒಪ್ಪುವರು, ಅರಣ್ಯಾಧಿಕಾರಿಗಳಲ್ಲಿ ಬಹುಮಂದಿ ಒಪ್ಪರು. ಆ ಸೋಲಿಗರಿಗೆ ೨೦೧೧ರಲ್ಲಿ ಸಮುದಾಯದ ಅರಣ್ಯ ಹಕ್ಕುಗಳು ದೊರೆತುವು. ಹುಲಿಗಳ ಕಾಡಿನೊಳಗೇ ಅಂಥ ಹಕ್ಕು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಆ ಹಕ್ಕುಗಳು ಯಾವ ಕಾಯಿದೆಯಿಂದ ಬಂದುವೆಂಬುದನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ. ೨೦೦೬ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾದ ಅರಣ್ಯ ಹಕ್ಕುಗಳ ಕಾಯಿದೆಯು, ಕಾಡಿನ ಜನರಿಗೆ ಚಾರಿತ್ರಿಕವಾದ ಅನ್ಯಾಯವು ನಡೆದಿರುವುದೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಳ್ಳುವುದು. ೨೦೦೫ನೆಯ ಡಿಸೆಂಬರ್ ೧೩ಕ್ಕೆ ಮುಂಚೆ ನೆಲವನ್ನು ಅನುಭವಿಸುತ್ತಿದ್ದ ಬುಡಕಟ್ಟಿನ ಕುಟುಂಬಕ್ಕೆ, ನಾಲ್ಕು ಹೆಕ್ಟೇರುಗಳ ಮಿತಿಯಲ್ಲಿ, ಅನುಭವದಲ್ಲಿರುವಷ್ಟು ನೆಲದ ಹಕ್ಕುಪತ್ರ ದೊರೆಯಬೇಕು. ಅದನ್ನು ಮಾರುವಂತಿಲ್ಲ, ಮಕ್ಕಳಿಗೆ ಹೋಗುವುದು. ವಿವಾಹಿತರಾಗಿದ್ದರೆ ಪತ್ರವು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿಯೂ ಇರಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿಯ ಹೆಸರು ತಮ್ಮ ಮನೆಯ ಪಹಣಿಯಲ್ಲಿದೆಯೆಂದು ಕೇಳುವ ಧೈರ್ಯ ನಮಗಿಲ್ಲ. ಜೇನು ಮೊದಲಾದ ಕಿರು ಉತ್ಪನ್ನಗಳ ಮೇಲೆಯೂ, ನೀರು, ದೇವರಕಾಡುಗಳ ಮೇಲೆಯೂ ಹಾಡಿಗೆ ಹಕ್ಕುಂಟು. ಕಾಡನ್ನು ಕಾಯುವ ಹಕ್ಕೂ ಉಂಟು. ಅರ್ಜಿಯ ವಿಚಾರಣೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದು. ಹಿಂದೆ ಪುನರ್ವಸತಿಯಿಲ್ಲದೆ ಎಬ್ಬಿಸಲ್ಪಟ್ಟವರು ಮೂಲಸ್ಥಾನವನ್ನೋ ಬದಲಿ ನೆಲವನ್ನೋ ಕೇಳಬಹುದು. ೨೦೨೫ನೆಯ ಮೇ ತಿಂಗಳಲ್ಲಿ ಜೇನುಕುರುಬರ ಹಲವು ಕುಟುಂಬಗಳು ಕೊಡಗಿನ ಕಡೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ ಹಿಂದಿರುಗಿ ಗುಡಿಸಲು ಕಟ್ಟಿದಾಗ ಈ ಕಾಯಿದೆಯನ್ನೇ ಮುಂದಿಟ್ಟರು.

ಅರ್ಜಿಯು ಮೊದಲು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೂ, ಅಲ್ಲಿಂದ ಉಪವಿಭಾಗದ ಸಮಿತಿಗೂ, ಕಡೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೂ ಹೋಗುವುದು. ಹೋದ ಅರ್ಜಿಗಳಲ್ಲಿ ಬಹಳಷ್ಟು ತಿರಸ್ಕೃತವಾಗಿ ಹಿಂದಿರುಗುವುವು. 'ಪುರಾವೆ ಸಾಲದು' ಎಂಬುದು ಹಾಡಿಗಳಲ್ಲಿ ನಾವು ಹೆಚ್ಚಾಗಿ ಕೇಳಿದ ಕಾರಣ. ಪುರಾವೆಯೆಂದರೆ ಮುದ್ರೆಯೊತ್ತಿದ ಕಾಗದವೆಂದೇ ಕಚೇರಿಯವರೂ ಅರ್ಜಿದಾರರೂ ತಿಳಿದಿರುವರು. ಆದರೆ ೨೦೦೮ರ ನಿಯಮಗಳಲ್ಲಿ ಹದಿಮೂರನೆಯದನ್ನು ಓದಿ ನೋಡಿದಾಗ ನಾವು ಚಕಿತರಾದೆವು. ಸರ್ಕಾರದ ದಾಖಲೆಗಳೊಡನೆ, ಮನೆಯ ಕುರುಹು, ಬಾವಿ, ಸಮಾಧಿಯ ಸ್ಥಳ, ಪವಿತ್ರ ಸ್ಥಳ ಇವೂ ಪುರಾವೆಗಳೇ. ಅರ್ಜಿದಾರನಲ್ಲದ ಹಿರಿಯನೊಬ್ಬನ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆಯೇ. ಇಂಥ ಪುರಾವೆಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೆ ಅವುಗಳನ್ನು ಪರಿಶೀಲಿಸಬೇಕು. ಹಳ್ಳ, ಮರ, ಮುತ್ತಜ್ಜನ ಕಲ್ಲು: ನಾವು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಎರಡು ಪುಟಗಳಲ್ಲಿ ಕಾಯಿದೆಯು ಕೇಳುವ ಪುರಾವೆಗಳಿದ್ದುವು.

ಹಿರಿಯರು ಹೇಳಬಲ್ಲರು, ಬರೆಯಲಾರರು. ಅವರಲ್ಲಿ ಬಹುಮಂದಿ ತೀರಿಹೋಗುತ್ತಲಿರುವರು. ಹಾಡಿಗಳ ಸಮೀಪದಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಸುಮಾರು ಮಂದಿ ಇರುವರಾದಕಾರಣ ಇಷ್ಟು ವಿವರವಾಗಿ ಬರೆದಿದ್ದೇವೆ. ಹೇಳಿಕೆಯಲ್ಲಿ ಹೇಳುವವರ ಹೆಸರು, ವಯಸ್ಸು, ಸ್ಥಳಗಳ ಹೆಸರುಗಳು ಅವರಾಡಿದಂತೆಯೇ ಇರಬೇಕು. ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಬರೆದುದನ್ನು ಓದಿ ಹೇಳಿ, ಹೆಬ್ಬೆಟ್ಟಿನ ಗುರುತನ್ನೋ ರುಜುವನ್ನೋ ಹಾಕಿಸಿ, ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿಯನ್ನು ಪಡೆಯಬೇಕು.

ಆ ಹುಡುಗಿಯು ಈಗ ಹುಣಸೂರಿನಲ್ಲಿ ಬಿ.ಎ. ಓದುತ್ತಿರುವಳು. ಕಳೆದ ಬೇಸಗೆಯ ರಜದಲ್ಲಿ ಒಂದು ನೋಟುಪುಸ್ತಕವನ್ನು ಹಿಡಿದು ನಮ್ಮಲ್ಲಿಗೆ ಬಂದಳು. ತಮ್ಮ ಕುಟುಂಬದ ಅರ್ಜಿಗೆ ನೆರೆಯ ಮುದುಕರೊಬ್ಬರ ಹೇಳಿಕೆಯನ್ನೂ, ಅವರ ಕುಟುಂಬದ ಅರ್ಜಿಗೆ ತನ್ನ ಅಜ್ಜಿಯ ಹೇಳಿಕೆಯನ್ನೂ ಬರೆದುಕೊಂಡಿದ್ದಳು. "ಕಾಗುಣಿತ ನೋಡಿಕೊಡಿ ಮೇಡಂ" ಎಂದಳು. ಅಜ್ಜಿಯ ಹೇಳಿಕೆಯು ಆರು ಪುಟಗಳಿದ್ದಿತು; ಹಳ್ಳದಿಂದ ಮೊದಲಾಗಿ ಮತ್ತಿಮರಕ್ಕೆ ಬಂದು, ಅಲ್ಲಿಂದ ಒಂದೊಂದು ಗುಡಿಸಲಿನಲ್ಲಿ ಯಾರು ಯಾರಿದ್ದರೆಂದು ಹೇಳುತ್ತಾ ಹೋಗಿತ್ತು. ನಾವು ನೀಲಿ ಶಾಯಿಯಲ್ಲಿ ಎರಡು ಒತ್ತಕ್ಷರಗಳನ್ನು ಸರಿಪಡಿಸಿದೆವು. ಎರಡು ಅರ್ಜಿಗಳೂ ಈಗ ಉಪವಿಭಾಗದ ಸಮಿತಿಯ ಮುಂದಿರುವುವು.